ಹಸು ಸತ್ತ ರಾತ್ರಿ ಯಾರು ಬರುತ್ತಾರೆ?

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಿಂದ ಆ ಸುದ್ದಿ ಬಂತು. ಒಂದು ತಾಯಿ ಹುಲಿ, ಅದರ ನಾಲ್ಕು ಮರಿ, ಐದೂ ಸತ್ತಿದ್ದವು. ಹುಲಿ ಒಂದು ಹಸುವನ್ನು ಹೊಡೆದಿತ್ತು. ಆ ಹಸುವಿನ ಮೈಗೆ ವಿಷ ಹಾಕಿದ್ದರು. ಮಾದಪ್ಪ ಹುಲಿಯ ಮೇಲೆ ಕೂತು ಏಳು ಮಲೆ ಸುತ್ತಿದ ಅಂತ ಹಾಡುವ ನಾಡು ಅದು. ನನ್ನ ಫೋನಿನಲ್ಲಿರುವ ವನ್ಯಜೀವಿ ಗುಂಪುಗಳೆಲ್ಲ ಅವತ್ತು ರಾತ್ರಿವರೆಗೂ ಉರಿಯುತ್ತಿದ್ದವು. ನೇಣಿಗೆ ಹಾಕಿ ಅಂದವರಿದ್ದರು, ಊರನ್ನೇ ಎತ್ತಂಗಡಿ ಮಾಡಿ ಅಂದವರಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಅವತ್ತು ಊಟ ಸೇರಲಿಲ್ಲ. ತನಿಖೆ, ಕೇಸು, ಶಿಕ್ಷೆ ಅದರ ಪಾಡಿಗೆ ನಡೆಯಲಿ. ಅದರ ಬಗ್ಗೆ ಇಲ್ಲಿ ಬರೆಯುತ್ತಿಲ್ಲ.

ನನ್ನನ್ನು ಇವತ್ತಿಗೂ ಬಿಡದೆ ಕಾಡುತ್ತಿರುವುದು ಬೇರೆ. ಹುಲಿ ಹಸುವನ್ನು ಹೊಡೆಯುವುದಕ್ಕೂ ಯಾರೋ ಅದರ ಮೇಲೆ ವಿಷ ಸುರಿಯುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಇರುತ್ತದಲ್ಲ, ಆ ಹೊತ್ತು. ಹುಲಿ ದೊಡ್ಡ ದನವನ್ನು ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಹೊಟ್ಟೆಗೆ ಹಿಡಿದಷ್ಟು ತಿಂದು, ಪೊದೆಗೆ ಎಳೆದಿಟ್ಟು, ಹತ್ತಿರದಲ್ಲೇ ಮಲಗಿ ಮತ್ತೆ ಬರುತ್ತದೆ. ಎರಡು ಮೂರು ದಿನ ಬರುತ್ತದೆ. ಮರಿ ಇದ್ದರೆ ಮರಿಗಳನ್ನೂ ಕರಕೊಂಡು ಬರುತ್ತದೆ. ವಿಷ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಹಸುವಿನ ಜೊತೆ ಇಡೀ ಹುಲಿ ಸಂಸಾರ ಹೋಗುವುದು ಹೀಗೆ. ಆ ಒಂದು ಸಂಜೆ, ಒಂದು ರಾತ್ರಿಯೊಳಗೆ ಹಸು ಕಳಕೊಂಡವನ ಮನೆ ಬಾಗಿಲಿಗೆ ಯಾರಾದರೂ ಹೋದರೆ ಏನಾಗುತ್ತದೆ, ಹೋಗದಿದ್ದರೆ ಏನಾಗುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ಮಹದೇಶ್ವರ ಬೆಟ್ಟದ ಸುತ್ತಮುತ್ತ ಕೆಲಸ ಮಾಡುವ ಸಂಸ್ಥೆಗಳೇನು ಕಡಿಮೆ ಇಲ್ಲ. ಹುಲಿ ಎಣಿಸುವವರಿದ್ದಾರೆ, ಚಿರತೆಗೆ ಕ್ಯಾಮೆರಾ ಇಡುವವರಿದ್ದಾರೆ, ಸೌದೆ ಹೊರೆ ತಪ್ಪಿಸೋಕೆ ಗ್ಯಾಸ್ ಸಿಲಿಂಡರ್ ಕೊಡಿಸುವವರಿದ್ದಾರೆ, ಲಂಟಾನ ಅನ್ನುವ ಕಳೆ ಗಿಡದಿಂದ ಕುರ್ಚಿ ಮೇಜು ಮಾಡೋದನ್ನು ಕಲಿಸಿದವರಿದ್ದಾರೆ. ಇವರಲ್ಲಿ ಜಾಸ್ತಿ ಜನ ಒಬ್ಬರಿಗೊಬ್ಬರು ಗೊತ್ತಿರುವವರು, ಜೊತೆಗೂಡಿ ಕೆಲಸ ಮಾಡುವವರು. ಹೀಗೆ ಜೊತೆಗೂಡಿದ್ದರಿಂದ ಏನೂ ಆಗಿಲ್ಲ ಅಂದರೆ ಅದು ಶುದ್ಧ ಸುಳ್ಳು. ಬಹಳ ಆಗಿದೆ. ಮೊದಲು ಅದನ್ನು ಹೇಳಬೇಕು.

ನಕ್ಷೆಯ ಮೇಲೆ ಗೆದ್ದದ್ದು

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಕಡೆ ಹೋದವರಿಗೆ ಎಡೆಯಾರಹಳ್ಳಿ ಗೊತ್ತಿರುತ್ತದೆ. ಮುಸುಕಿನ ಜೋಳದ ಹೊಲ, ಅಲ್ಲಲ್ಲಿ ರಾಗಿ, ಅದರಾಚೆ ಒಡೆಯರಪಾಳ್ಯದ ಟಿಬೆಟನ್ನರ ಊರು. ಈ ಭಾಗದಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೂ ನಡುವೆ ಆನೆಗಳಿಗೆ ಉಳಿದಿರುವುದು ಒಂದು ಸಣ್ಣ ದಾರಿ. ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಅಂತಾರೆ. ದೊಡ್ಡಸಂಪಿಗೆ ಅಂದರೆ ಸೋಲಿಗರು ಪೂಜೆ ಮಾಡುವ ಆ ಹಳೇ ಮರ. ಈ ದಾರಿಯಲ್ಲಿ ರೈತರ ಹೆಸರಿನಲ್ಲಿದ್ದ ಸುಮಾರು 25 ಎಕರೆ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಕೊಂಡುಕೊಂಡಿತು. ಅದರ ಬೆನ್ನಿಗೆ ನಿಂತದ್ದು ಇಂಟರ್‌ನ್ಯಾಷನಲ್ ಫಂಡ್ ಫಾರ್ ಅನಿಮಲ್ ವೆಲ್‌ಫೇರ್. ಆಮೇಲೆ ಆ ಜಮೀನನ್ನು ತಮ್ಮ ಹೆಸರಲ್ಲೇ ಇಟ್ಟುಕೊಳ್ಳದೆ ಕರ್ನಾಟಕದ ಅರಣ್ಯ ಇಲಾಖೆಗೆ ಒಪ್ಪಿಸಿದರು.

ಕಾಗದದ ಮೇಲೆ 25 ಎಕರೆ ತುಂಬಾ ಸಣ್ಣದು. ಒಬ್ಬ ಸ್ಥಿತಿವಂತ ರೈತನ ತೋಟದಷ್ಟು. ಆದರೆ ಅದರ ಹಿಂದಿರುವ ಕೆಲಸ ನೋಡಿ. ಆನೆ ನಿಜವಾಗಿ ಎಲ್ಲಿ ದಾಟುತ್ತದೆ ಅಂತ ಲದ್ದಿ, ಹೆಜ್ಜೆ ನೋಡಿಕೊಂಡು ಗುರುತು ಹಾಕುವವರು ಬೇಕು. ಆ ಜಾಗದ ಪಹಣಿ ಯಾರ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ಪಾಲು ಆಗಿದೆಯಾ, ಬ್ಯಾಂಕಿನ ಸಾಲ ಇದೆಯಾ ಅಂತ ತಾಲ್ಲೂಕು ಕಚೇರಿಗೆ ಅಲೆಯುವವರು ಬೇಕು. ರೈತನ ಎದುರು ಕೂತು ಮಾತಾಡುವವರು ಬೇಕು. ದುಡ್ಡು ಬೇಕು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಆಗ ನಮ್ಮ ರಾಜ್ಯದಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳ ತೊಡಕು ಬೇರೆ ಇತ್ತು. ಕೊನೆಗೆ, ಕೊಂಡ ಜಮೀನಿಗೆ ಕಾನೂನಿನ ಕಾವಲು ಕೊಡಲು ಸರ್ಕಾರವೇ ಬೇಕು. ಇದರಲ್ಲಿ ಒಂದೊಂದೂ ಒಬ್ಬೊಬ್ಬರ ಕೈಲಾಗುವ ಕೆಲಸ. ಎಲ್ಲವೂ ಒಬ್ಬರ ಕೈಲಾಗುವುದಿಲ್ಲ. ಕೊಂಡ ಮೇಲೆ ಬಿಟ್ಟುಕೊಟ್ಟರಲ್ಲ, ಅದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ದೊಡ್ಡ ನಕ್ಷೆಯಲ್ಲೂ ಹೀಗೇ ಆಯಿತು. ಮಹದೇಶ್ವರ ಬೆಟ್ಟದ 906 ಚದರ ಕಿಲೋಮೀಟರ್ ಕಾಡು ವನ್ಯಧಾಮವಾದದ್ದು 2013ರಲ್ಲಿ. ಅದೇ ಸುಮಾರಿಗೆ ಕಾವೇರಿ ವನ್ಯಧಾಮ ಹೆಚ್ಚುಕಡಿಮೆ ಎರಡು ಪಟ್ಟಾಗಿ 1,027 ಚದರ ಕಿಲೋಮೀಟರಿಗೆ ಬಂತು. ಇದರ ಹಿಂದೆ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಮತ್ತು ಅವರ ಜೊತೆಗಾರರು ನಕ್ಷೆ, ವರದಿ ಹಿಡಿದು ಅರಣ್ಯ ಇಲಾಖೆಯ ಜೊತೆ ವರ್ಷಗಟ್ಟಲೆ ಮಾಡಿದ ಕೆಲಸ ಇದೆ. ಆಮೇಲೆ ತಮಿಳುನಾಡು ತನ್ನ ಕಡೆಯಿಂದ 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮ ಮಾಡಿತು, 2024ರ ಜನವರಿಯಲ್ಲಿ ಈರೋಡು ಜಿಲ್ಲೆಯ ಸುಮಾರು 805 ಚದರ ಕಿಲೋಮೀಟರನ್ನು ತಂದೈ ಪೆರಿಯಾರ್ ವನ್ಯಧಾಮ ಅಂತ ಘೋಷಿಸಿತು. ಇತ್ತ ಬಿಳಿಗಿರಿ, ಅತ್ತ ಸತ್ಯಮಂಗಲ, ಅದರಾಚೆ ಬಂಡೀಪುರ, ಮುದುಮಲೆ, ನಾಗರಹೊಳೆ. ಒಂದು ಹುಲಿ ನಾಗರಹೊಳೆಯಲ್ಲಿ ಹುಟ್ಟಿ ಕಾವೇರಿ ದಂಡೆಯವರೆಗೆ ಕಾಡಿನಲ್ಲೇ ನಡೆದು ಬರಬಹುದು. ಹೂಗ್ಯಂನಂಥ ಕಡೆ ಹುಲಿ ಮರಿ ಹಾಕುವ ಮಟ್ಟಕ್ಕೆ ಕಾಡು ಸುಧಾರಿಸಿದೆ ಅಂದರೆ ಅದು ಈ ಎಲ್ಲರ ಕೂಡು ಕೆಲಸ. ಆ ಐದು ಹುಲಿಗಳ ಸಾವು ಅಷ್ಟು ಹೊಟ್ಟೆ ಉರಿಸಿದ್ದು ಅದಕ್ಕೇ.

ಈ ಗೆಲುವುಗಳೆಲ್ಲ ವರ್ಷಗಳ ಲೆಕ್ಕದವು. ಕಾರಿಡಾರಿಗೆ ವರ್ಷಗಳು, ಅಧಿಸೂಚನೆಗೆ ವರ್ಷಗಳು, ಕೋರ್ಟಿಗೆ ಇನ್ನೂ ಜಾಸ್ತಿ. ನಮ್ಮ ಸಂಸ್ಥೆಗಳು ಉದ್ದದ ಓಟಕ್ಕೆ ಚೆನ್ನಾಗಿ ಪಳಗಿವೆ. ಹಸು ಸತ್ತ ಮನೆಯಲ್ಲಿ ನಡೆಯುವುದು ಗಂಟೆಗಳ ಲೆಕ್ಕ.

ಒಂದು ಬೆಳಗ್ಗೆ, ಹನೂರಿನ ಒಳಗೆ

ಈ ಮಾತನ್ನು ನಾನು ಸುಮ್ನೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಹನೂರಿನಿಂದ ಒಳಗಿರುವ ಒಂದು ಹಳ್ಳಿಗೆ ಗೆಳೆಯನ ಜೊತೆ ಹೋಗಿದ್ದೆ. ಅವನು ಒಂದು ಪುಟ್ಟ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ. ಹಿಂದಿನ ರಾತ್ರಿ ಚಿರತೆ ಒಂದು ಹಸುವನ್ನು ಹೊಡೆದಿತ್ತು. ಹಿತ್ತಲಿಗೆ ಅಂಟಿಕೊಂಡ ಹೊಲ, ಅದರಾಚೆ ಕುರುಚಲು, ಆಮೇಲೆ ಕಾಡು. ನಾವು ಹೋದಾಗ ಹಸುವಿನ ಮೇಲೆ ಲಂಟಾನದ ಕೊಂಬೆ ಮುಚ್ಚಿದ್ದರು, ನಾಯಿ ಮುಟ್ಟದಿರಲಿ ಅಂತ. ಮಹಜರು ಆಗುವವರೆಗೆ ಎತ್ತುವ ಹಾಗಿಲ್ಲ, ಅಲ್ವಾ. ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಅದು ಹಗ್ಗ ಜಗ್ಗಿ ಜಗ್ಗಿ ಕುತ್ತಿಗೆ ಕೆಂಪಾಗಿತ್ತು.

ಮನೆಯ ಹೆಣ್ಣುಮಗಳು ಜಗಲಿಯಲ್ಲಿ ಕೂತಿದ್ದರು. ಐವತ್ತು ದಾಟಿರಬಹುದು. ಅಳುತ್ತಿರಲಿಲ್ಲ. ಹಾಲಿನ ಕ್ಯಾನು ತೊಳೆದು ಗೋಡೆಗೆ ಬೋರಲು ಹಾಕಿದ್ದರು. ಡೈರಿಯ ಪಾಸ್‌ಬುಕ್ ಮಡಿಲಲ್ಲಿತ್ತು. ಹಿಂದಿನ ಸಂಜೆಯ ಹಾಲಿನ ಲೆಕ್ಕ ಅದರಲ್ಲಿ ಬರೆದಿತ್ತು. ಸಂಘದಲ್ಲಿ ಸಾಲ ಮಾಡಿ ತಂದ ಹಸು ಅದು, ಕಂತು ಇನ್ನೂ ಬಾಕಿ ಇತ್ತು. ನನ್ನ ಗೆಳೆಯ ಅವರ ಪಕ್ಕ ಕೂತು, ಯಾವಾಗ ಗೊತ್ತಾಯ್ತಕ್ಕ ಅಂತ ಕೇಳಿದ. ಅವರು ಹೇಳಿದ್ದು ಇಷ್ಟೇ: "ಕೋಳಿ ಕೂಗೋ ಹೊತ್ಗೆ ಎದ್ದೆ ಕನಪ್ಪ. ಹಸ ಕೂಗ್ನಿಲ್ಲ. ದಿನಾ ನನ್ ಕಂಡ್ ತಕ್ಷಣ ಕೂಗದು." ಆಮೇಲೆ ಸ್ವಲ್ಪ ತಡೆದು, "ಹೋದ್ ವರ್ಸ ಪಕ್ಕದ್ ಮನೆಯೋರ್ದು ಹೋಯ್ತು. ಬತ್ತೀವಿ ಅಂದ್ರು. ಎರಡ್ ದಿನ ಯಾರೂ ಬರ್ನಿಲ್ಲ. ವಾಸ್ನೆ ತಡೀನಾರ್ದೆ ಎಳ್ದು ಹಾಕ್ಬುಟ್ರು. ದುಡ್ಡೂ ಬರ್ನಿಲ್ಲ."

ಅವರ ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಇಪ್ಪತ್ತೈದರ ಹುಡುಗ. ನಮ್ಮನ್ನು ನೋಡಿದ ನೋಟದಲ್ಲೇ ಗೊತ್ತಾಗುತ್ತಿತ್ತು, ನಾವು ಯಾರ ಕಡೆಯವರು ಅಂತ ಅವನು ಆಗಲೇ ತೀರ್ಮಾನ ಮಾಡಿದ್ದ. ಗೂಡಿನಲ್ಲಿ, ಟಾರ್ಚು, ಬಾಚಣಿಗೆ ಇಡುವ ಕಡೆ, ಟೊಮೆಟೊಗೆ ಹೊಡೆಯುವ ಔಷಧಿಯ ಪೊಟ್ಟಣ ಇತ್ತು. ರೈತರ ಮನೆಯಲ್ಲಿ ಅದು ಇರುವುದು ಸಹಜ. ಆದರೆ ಅವತ್ತು ಅದು ಒಡೆದಿತ್ತು, ಬಾಯಿಗೆ ದಾರ ಸುತ್ತಿತ್ತು. ಅವನು ಅದರ ಕಡೆ ನೋಡಿ, ಮತ್ತೆ ನಮ್ಮ ಕಡೆ ನೋಡಿ, "ಸಂಜೆ ಬರುತ್ತಲ್ಲ ಅದು, ಬರಲಿ" ಅಂದ. ತಾಯಿ ಏನೂ ಹೇಳಲಿಲ್ಲ.

ಅಷ್ಟು ಹೊತ್ತಿಗೆ ಅರಣ್ಯ ಇಲಾಖೆಯ ಒಬ್ಬ ವಾಚರ್ ಬಂದರು. ಹೊರಗುತ್ತಿಗೆಯವರು, ಪಕ್ಕದ ಊರಿನವರೇ. ತಮ್ಮದೇ ಬೈಕು, ತಮ್ಮದೇ ಪೆಟ್ರೋಲು. ಬಂದವರು ಮೊದಲು ಹಸುವಿನ ಹತ್ತಿರ ಹೋಗಲಿಲ್ಲ. ಜಗಲಿಯ ಮೇಲೆ ಕೂತು, "ಎಷ್ಟು ಕೊಡ್ತಿತ್ತಮ್ಮ ಹಾಲು" ಅಂತ ಕೇಳಿದರು. ಆಮೇಲೆ ಆ ಹುಡುಗನನ್ನು ಹೆಸರು ಹಿಡಿದು ಕರೆದು, ಬಾ, ಫೋಟೋಗೆ ಕೊಂಬೆ ಸರಿಸೋಣ ಅಂದರು. ಕುತ್ತಿಗೆಯ ಹಲ್ಲಿನ ಗುರುತನ್ನು ಅವನ ಕೈಯಲ್ಲೇ ಅಳತೆ ಮಾಡಿಸಿದರು. ನನ್ನ ಗೆಳೆಯ ಫೋಟೋ ತೆಗೆದ, ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಹೊಂದಿಸಿ ಅರ್ಜಿ ತುಂಬಿದ. ಪಶು ವೈದ್ಯರು ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಅವರ ಮೇಲೆ ಬೇರೆ ಊರುಗಳ ಆಸ್ಪತ್ರೆಗಳ ಹೊಣೆಯೂ ಇತ್ತು, ಬಂದವರು ನೀರು ಕೂಡ ಕುಡಿಯದೆ ಕೆಲಸ ಮುಗಿಸಿದರು. ಸಂಜೆಗೆ ಹಳ್ಳ ತೋಡಿ ಹಸುವನ್ನು ಹೂತೆವು. ಹೊರಡುವಾಗ ಆ ಪೊಟ್ಟಣ ಗೂಡಿನಲ್ಲಿ ಇರಲಿಲ್ಲ. ತಾಯಿ ಅದನ್ನು ಒಳಗೆ ಅಟ್ಟದ ಮೇಲೆ ಇಟ್ಟಿದ್ದನ್ನು ನೋಡಿದ್ದೆ.

ಯಾವ ದೊಡ್ಡ ಮಾತೂ ಅಲ್ಲಿ ನಡೆಯಲಿಲ್ಲ. ಚಿರತೆ ಎಷ್ಟು ಮುಖ್ಯ, ಪರಿಸರ ಸಮತೋಲನ ಏನು ಅಂತ ಯಾರೂ ಪಾಠ ಮಾಡಲಿಲ್ಲ. ಪರಿಹಾರದ ದುಡ್ಡೂ ಅವತ್ತು ಬರಲಿಲ್ಲ, ಬರುವುದಕ್ಕೆ ತಿಂಗಳುಗಳು ಹಿಡಿದವು. ಅವತ್ತು ಬಂದದ್ದು ಮೂರು ಜನ, ಅಷ್ಟೇ. ಒಬ್ಬರು ಇಲಾಖೆಯ ಕಡೆಯವರು, ಒಬ್ಬ ಸಂಸ್ಥೆಯವನು, ಒಬ್ಬರು ಪಶು ವೈದ್ಯರು. ಸಂಜೆಯೊಳಗೆ ಬಂದರು. ಅದರಿಂದ ಒಂದು ಚಿರತೆ ಉಳಿಯಿತು ಅಂತ ನಾನು ನಂಬಿದ್ದೇನೆ.

ಯಾರ ಕೈಯಲ್ಲಿ ಏನಿದೆ

ಹಸು ಸತ್ತದ್ದು ಮೊದಲು ಗೊತ್ತಾಗುವುದು ಊರಿನವರಿಗೆ. ಆದರೆ ಅವರ ಹೇಳಿಕೆಗೆ ಕಚೇರಿಯಲ್ಲಿ ಬೆಲೆ ಇಲ್ಲ, ಕಾಗದ ಬೇಕು. ಕಾಗದ ಮಾಡುವ ಅಧಿಕಾರ, ದುಡ್ಡು ಕೊಡುವ ಅಧಿಕಾರ ಇಲಾಖೆಗೆ ಇದೆ. ಆದರೆ ಒಬ್ಬ ಗಾರ್ಡಿನ ಮೇಲೆ ಎಷ್ಟೋ ಚದರ ಕಿಲೋಮೀಟರ್ ಕಾಡಿರುತ್ತದೆ, ಬೆಂಕಿ, ಆನೆ, ಮರಗಳ್ಳರು ಎಲ್ಲ ಅವನ ತಲೆಗೇ. ಸಂಸ್ಥೆಗಳಿಗೆ ಬೇಗ ಓಡಾಡುವ ಅನುಕೂಲ ಇದೆ, ಕಂಪ್ಯೂಟರ್ ಇದೆ, ಅರ್ಜಿ ತುಂಬುವ ಓದಿದ ಹುಡುಗರಿದ್ದಾರೆ. ಆದರೆ ಅವರಿಗೆ ಯಾವ ಅಧಿಕಾರವೂ ಇಲ್ಲ, ಮಹಜರಿಗೆ ಅವರ ಸಹಿ ನಡೆಯುವುದಿಲ್ಲ. ವೈದ್ಯರ ಸರ್ಟಿಫಿಕೇಟು ಇನ್ನೊಂದು ಇಲಾಖೆಯದ್ದು. ಈ ನಾಲ್ಕೂ ಕೈ ಒಂದೇ ದಿನ ಒಂದೇ ಮನೆಗೆ ಬರಬೇಕು. ಒಂದು ಬರದಿದ್ದರೂ ಮಿಕ್ಕ ಮೂರು ಬಂದದ್ದು ಉಪಯೋಗವಾಗುವುದಿಲ್ಲ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ಬಂಡೀಪುರ, ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ 2015ರಿಂದ ನಡೆಯುತ್ತಿರುವ ವೈಲ್ಡ್ ಸೇವೆ ಅದರಲ್ಲಿ ಒಂದು. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನ ಕೃತಿ ಕಾರಂತ್ ಶುರು ಮಾಡಿದ್ದು. ಬೆಳೆ ಹೋದರೆ, ದನ ಹೋದರೆ ರೈತ ಒಂದು ಟೋಲ್‌ಫ್ರೀ ನಂಬರಿಗೆ ಫೋನ್ ಮಾಡುತ್ತಾನೆ. ಅವರ ಹುಡುಗರು ಬೈಕಿನಲ್ಲಿ ಮನೆಗೇ ಬಂದು, ಫೋಟೋ ತೆಗೆದು, ಅರ್ಜಿ ತುಂಬಿ, ಇಲಾಖೆಗೆ ಮುಟ್ಟಿಸುತ್ತಾರೆ. ದುಡ್ಡು ಕೈ ಸೇರುವವರೆಗೂ ಅದರ ಬೆನ್ನು ಬಿಡುವುದಿಲ್ಲ. ಸುಮಾರು 600 ಹಳ್ಳಿಗಳಿಗೆ ಇದು ಹಬ್ಬಿದೆ. ಇಲ್ಲಿ ಪರಿಹಾರ ಕೊಡುತ್ತಿರುವುದು ಸರ್ಕಾರವೇ. ಸಂಸ್ಥೆ ಮಾಡುತ್ತಿರುವುದು ಸರ್ಕಾರ ಮತ್ತು ರೈತನ ನಡುವಿನ ದಾರಿ ಸವೆಸುವ ಕೆಲಸ. ಇದು ಸಣ್ಣ ಕೆಲಸ ಅಂತ ಅನಿಸಿದರೆ, ಕಚೇರಿಯಿಂದ ಕಚೇರಿಗೆ ಒಂದು ಸಲ ಅಲೆದು ನೋಡಬೇಕು.

ಹಾಸನದ ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜು ಬರುತ್ತದೆ, ರಸ್ತೆ ಬದಿಯ ಫಲಕದಲ್ಲಿ ಅಕ್ಷರ ಓಡುತ್ತದೆ. ಅರಣ್ಯ ಇಲಾಖೆ ಮತ್ತು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಕೂಡಿ ಮಾಡಿದ್ದು. ಅದೇ ಸಂಸ್ಥೆ ಇದನ್ನು ಮೊದಲು ಕಲಿತದ್ದು ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ. ಅಲ್ಲಿ ಆನೆ ಹತ್ತಿರ ಇದ್ದರೆ ಕಂಬದ ಮೇಲೆ ಕೆಂಪು ದೀಪ ಉರಿಯುತ್ತದೆ. ಫೋನಿನಿಂದ ಆ ದೀಪ ಹೊತ್ತಿಸುವ ಕೆಲಸದಲ್ಲಿ ಊರಿನವರೇ, ತೋಟದ ಕೂಲಿಗಳೇ ಇದ್ದಾರೆ. ಸಂಜೆ ಬಸ್ಸಿಳಿದು ಕತ್ತಲಲ್ಲಿ ನಡೆಯುವವರು ಅವರೇ ತಾನೆ. ಹಾಗಾಗಿ ದೀಪ ಕೆಡದ ಹಾಗೆ ಅವರೇ ನೋಡಿಕೊಳ್ಳುತ್ತಾರೆ. ತೋಟದ ಕಂಪನಿಗಳು, ಇಲಾಖೆ, ಸಂಸ್ಥೆ ಇವರೆಲ್ಲ ಸೇರಿ ಹಾಕಿದ ದೀಪವೇ ಆದರೂ ಕೂಲಿಗಳು ಅದನ್ನು ತಮ್ಮದು ಅಂದುಕೊಳ್ಳದೇ ಹೋಗಿದ್ದರೆ ಅದು ಒಂದು ಮಳೆಗಾಲ ಬಾಳುತ್ತಿರಲಿಲ್ಲ.

ಬೇಗ ಆಗಬೇಕು ಅಂದರೆ ಎಷ್ಟು ಬೇಗ ಆಗಬಹುದು ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ನಾಗಾಲ್ಯಾಂಡ್. 2012ರ ಅಕ್ಟೋಬರಿನಲ್ಲಿ ದೋಯಾಂಗ್ ಜಲಾಶಯದ ಹತ್ತಿರದ ಪಾಂಗ್ಟಿ ಊರಿನಲ್ಲಿ ವಲಸೆ ಬರುವ ಅಮುರ್ ಚಾಣ ಅನ್ನುವ ಬೇಟೆ ಹಕ್ಕಿಗಳನ್ನು ಬಲೆ ಹಾಕಿ ಸಾವಿರ ಸಾವಿರ ಹಿಡಿಯುತ್ತಿದ್ದುದನ್ನು ಬೆಂಗಳೂರಿನ ಕನ್ಸರ್ವೇಷನ್ ಇಂಡಿಯಾದವರು ನಾಗಾ ಗೆಳೆಯರ ಜೊತೆ ಹೋಗಿ ಚಿತ್ರ ತೆಗೆದರು. ಆ ಒಂದು ಹಂಗಾಮಿನಲ್ಲೇ ಲಕ್ಷಕ್ಕೂ ಮೇಲೆ ಹಕ್ಕಿ ಹೋಗಿವೆ ಅಂತ ಅವರ ಅಂದಾಜು. ಚಿತ್ರ ಹೊರಗೆ ಬಂದ ಮೇಲೆ ಜಗತ್ತೆಲ್ಲ ಬೈಯಿತು. ಆದರೆ ಕೆಲಸ ಮಾಡಿದವರು ಬೈಯುತ್ತಾ ಕೂರಲಿಲ್ಲ. ಬಾನೋ ಹರಾಲು ಅವರಂಥ ನಾಗಾ ಹೆಣ್ಣುಮಗಳು ಊರಿನೊಳಗೆ ಕೂತು ಮಾತಾಡಿದರು. ಊರ ಸಭೆ, ಚರ್ಚು, ಸರ್ಕಾರ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಲ್ಲರೂ ತಮ್ಮ ತಮ್ಮ ಕೈಲಾದದ್ದಕ್ಕೆ ಇಳಿದರು. ಬಲೆ ಹಾಕುತ್ತಿದ್ದವರಿಗೆ ಬೇರೆ ಸಂಪಾದನೆ ಏನು ಅನ್ನುವುದೂ ಚರ್ಚೆಗೆ ಬಂತು. ಮುಂದಿನ ವರ್ಷ ಹಕ್ಕಿಗಳು ಬಂದಾಗ ಬಲೆ ಇರಲಿಲ್ಲ. ಆ ನವೆಂಬರಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹದ ಟ್ಯಾಗ್ ಕಟ್ಟಿ ನಾಗಾ, ವೋಖಾ, ಪಾಂಗ್ಟಿ ಅಂತ ಹೆಸರಿಟ್ಟರು. ಹಿಂದಿನ ವರ್ಷ ಇಡೀ ಜಗತ್ತು ಛೀ ಅಂದ ಊರಿನ ಹೆಸರನ್ನು ಒಂದು ಹಕ್ಕಿ ಆಫ್ರಿಕಾಕ್ಕೆ ಹೊತ್ತುಕೊಂಡು ಹೋಯಿತು. ಆ ಹೆಸರಿಟ್ಟವರಿಗೆ ಜನರ ಮನಸ್ಸು ಗೊತ್ತಿತ್ತು.

ಒಂದೇ ಮನೆಗೆ ಮತ್ತೆ ಮತ್ತೆ ಸರ್ವೆ

ನಮ್ಮ ಕಡೆ ಏನು ತೊಡಕು ಅನ್ನುವುದನ್ನೂ ಬಿಚ್ಚಿ ಹೇಳಬೇಕು. ಕಾಡಂಚಿನ ಹಳ್ಳಿಗಳಲ್ಲಿ ನಾನು ಎಷ್ಟೋ ಕಡೆ ಕೇಳಿದ ಮಾತು, "ಹೋದ ತಿಂಗಳು ಬರಕೊಂಡು ಹೋದರಲ್ಲ ಸಾರ್" ಅನ್ನುವುದು. ಒಂದು ಸಂಸ್ಥೆಯವರು ಬಂದು ಎಷ್ಟು ದನ, ಎಷ್ಟು ಎಕರೆ, ಎಷ್ಟು ನಷ್ಟ ಅಂತ ಬರೆದುಕೊಂಡು ಹೋಗುತ್ತಾರೆ. ಸ್ವಲ್ಪ ದಿನಕ್ಕೆ ಇನ್ನೊಂದು ಸಂಸ್ಥೆ ಅದೇ ಮನೆಗೆ ಅದೇ ಪ್ರಶ್ನೆ ಹಿಡಿದು ಬರುತ್ತದೆ. ಆಮೇಲೆ ಯೂನಿವರ್ಸಿಟಿಯ ವಿದ್ಯಾರ್ಥಿಗಳು. ಜನ ಸಭ್ಯರು, ಪ್ರತಿ ಸಲವೂ ಚಾಪೆ ಹಾಸುತ್ತಾರೆ, ಟೀ ಕೊಡುತ್ತಾರೆ, ಉತ್ತರ ಹೇಳುತ್ತಾರೆ. ಆದರೆ ಈ ಪಟ್ಟಿಗಳು ಒಂದಕ್ಕೊಂದು ಮಾತಾಡುವುದಿಲ್ಲ. ಯಾರ ಮನೆಗೆ ಎರಡು ಮೂರು ಸಲ ನಷ್ಟ ಆಗಿದೆ, ಯಾರ ಅರ್ಜಿ ಎಲ್ಲಿ ನಿಂತಿದೆ, ಯಾವ ಕೊಟ್ಟಿಗೆಗೆ ಬಾಗಿಲಿಲ್ಲ ಅನ್ನುವುದು ಒಬ್ಬರ ಲ್ಯಾಪ್‌ಟಾಪಿನಲ್ಲಿ ಇರುತ್ತದೆ, ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮುಂದಿನ ಸಿಟ್ಟು ಯಾವ ಮನೆಯಲ್ಲಿ ಒಡೆಯುತ್ತದೆ ಅನ್ನುವುದು ಬಹಳ ಸಲ ಆ ಪಟ್ಟಿಯಲ್ಲೇ ಬರೆದಿರುತ್ತದೆ.

ಇದಕ್ಕೆ ಯಾರ ಕೆಟ್ಟತನವೂ ಕಾರಣವಲ್ಲ. ದುಡ್ಡು ಕೊಡುವವರು ವರ್ಷದ ಕೊನೆಗೆ ಲೆಕ್ಕ ಕೇಳುತ್ತಾರೆ: ನೀವು ಎಷ್ಟು ಹಳ್ಳಿ, ಎಷ್ಟು ಮನೆ, ಎಷ್ಟು ಕ್ಯಾಮೆರಾ? "ಈ ವರ್ಷ ನಾವು ನಮ್ಮ ಪಟ್ಟಿಯನ್ನು ಪಕ್ಕದ ಸಂಸ್ಥೆಗೆ ಕೊಟ್ಟೆವು" ಅಂತ ಬರೆಯೋಕೆ ಆ ವರದಿಯಲ್ಲಿ ಜಾಗವೇ ಇರುವುದಿಲ್ಲ. ಆ ಜಾಗ ಮಾಡಬೇಕಾದವರು ದುಡ್ಡು ಕೊಡುವವರು. ಬೆಂಗಳೂರಿನ ಕಂಪನಿಗಳ ಸಿಎಸ್‌ಆರ್ ವಿಭಾಗದಲ್ಲಿ ಕೆಲಸ ಮಾಡುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇದನ್ನು ಒಂದು ಸಲ ಯೋಚನೆ ಮಾಡಿ. ಕ್ಯಾಮೆರಾಗೆ ಕೊಡುವಷ್ಟೇ ಖುಷಿಯಿಂದ ಒಬ್ಬ ವಾಚರನ ಪೆಟ್ರೋಲಿಗೆ ಕೊಡಿ. ಹೂಗ್ಯಂ ಘಟನೆಯ ದಿನಗಳಲ್ಲೇ ಹೊರಗುತ್ತಿಗೆ ಸಿಬ್ಬಂದಿಗೆ ಸಂಬಳ ಬಾಕಿ ಇದ್ದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತ್ತು. ರಾತ್ರಿ ಮೊದಲು ಬರಬೇಕಾದವನ ಮನೆಯಲ್ಲೇ ಒಲೆ ಉರಿಯದಿದ್ದರೆ ಅವನು ಬೈಕು ಹೇಗೆ ಹೊರಡಿಸಬೇಕು?

ದನಗಳ ಮಾತನ್ನೂ ಆಡಬೇಕು

ಇನ್ನೊಂದು ಕಡೆಯ ಮಾತನ್ನು ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಮೇಯುವ ದನಗಳೆಲ್ಲ ಮನೆಯ ಹಾಲಿನ ಹಸುಗಳಲ್ಲ. ಕಾಡೊಳಗೆ ದೊಡ್ಡಿ ಹಾಕಿ, ಗೊಬ್ಬರಕ್ಕಾಗಿಯೇ ದನ ಕೂಡುವುದು ಇಲ್ಲಿ ಹಳೇ ರೂಢಿ. ಆ ಗೊಬ್ಬರ ಲಾರಿ ಹತ್ತಿ ದೂರದ ತೋಟಗಳಿಗೆ ಹೋಗುತ್ತದೆ. ದನ ಜಾಸ್ತಿಯಾದಷ್ಟೂ ಕಡವೆ, ಕಾಟಿಗೆ ಮೇವು ಕಡಿಮೆ, ರೋಗವೂ ಹರಡುತ್ತದೆ. ಹುಲಿಗೆ ಬೇಟೆ ಕಡಿಮೆಯಾದರೆ ಅದು ದನಕ್ಕೇ ಬರುತ್ತದೆ. ಆ ದನಗಳ ಸಂಖ್ಯೆ ಇಳಿಯಬೇಕು. ಇದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಹುಲಿಗಳ ಸಾವಿನ ನಂತರ ಕಾಡಿನಲ್ಲಿ ಮೇಯಿಸುವುದನ್ನೇ ನಿಲ್ಲಿಸಬೇಕು ಅನ್ನುವ ಆದೇಶದ ಮಾತು ಬಂದಾಗ ಆ ಕಡೆಯ ಜನ ಬೀದಿಗಿಳಿದರು. ಅದೂ ಸಹಜ. ತಲೆತಲಾಂತರದ ಬದುಕನ್ನು ಒಂದು ಸುತ್ತೋಲೆಯಿಂದ ನಿಲ್ಲಿಸಲು ಆಗುವುದಿಲ್ಲ. ಗಡಿಯಾಚೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ ದನದ ತಳಿಗೇ ಬರಗೂರು ತಳಿ ಅಂತ ಹೆಸರಿದೆ. ಕೆಂಪು ಮೈ, ಮೇಲೆ ಬಿಳಿ ಮಚ್ಚೆ, ಕಡಿದಾದ ಬೆಟ್ಟ ಹತ್ತುವುದರಲ್ಲಿ ಅದನ್ನು ಮೀರಿಸುವ ದನ ಇಲ್ಲ. ಅಂತಿಯೂರಿನ ಜಾತ್ರೆಗೆ ಎರಡೂ ರಾಜ್ಯದವರು ಬರುತ್ತಾರೆ. ಹುಲಿಗೂ ಗಡಿ ಇಲ್ಲ, ಈ ದನಕ್ಕೂ ಇಲ್ಲ, ಈ ಜನರ ನಂಟಸ್ತಿಕೆಗೂ ಇಲ್ಲ. ಎರಡು ರಾಜ್ಯದ ಸಂಸ್ಥೆಗಳು, ಎರಡು ಇಲಾಖೆಗಳು ಈ ದೊಡ್ಡಿಯವರನ್ನು ಕೂರಿಸಿಕೊಂಡು ಮಾತಾಡಬೇಕು. ಎಷ್ಟು ದನ ಸಾಕು, ಎಲ್ಲಿ ಮೇಯಿಸಬಹುದು, ಬಿಟ್ಟುಕೊಟ್ಟರೆ ಏನು ಸಿಗುತ್ತದೆ? ಗೊಬ್ಬರದ ಬದಲು ಏನು ಮಾರುತ್ತಾರೆ ಅನ್ನುವುದಕ್ಕೆ ಉತ್ತರ ಇಲ್ಲದೆ ಆ ಮಾತು ಮುಂದೆ ಹೋಗುವುದಿಲ್ಲ.

ಸೋಲಿಗರ ಜೊತೆ ಈ ದಾರಿ ಸ್ವಲ್ಪವಾದರೂ ತೆರೆದಿದೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅಲ್ಲಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಎರಡೂ ಒಂದೇ ಕಾಡಿನಲ್ಲಿ ಇರಲು ಸಾಧ್ಯ ಅಂತ ಅವರು ವಾದ ಮಾಡಿದ್ದರು. ಅವರ ಸಂಘ, ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಏಟ್ರೀ ಸಂಸ್ಥೆಯ ಸಂಶೋಧಕರು ಬಹಳ ಕಾಲದಿಂದ ಜೊತೆಗಿದ್ದರು. ಜಗಳಗಳೂ ಇದ್ದವು, ಈಗಲೂ ಇವೆ. ಆದರೆ ಮಾತಾಡುವ ಚಾಪೆ ಹಾಸಿದೆ. ದೊಡ್ಡಿಯ ದನಗಾಹಿಗಳಿಗೆ ಅಂಥ ಚಾಪೆ ಇನ್ನೂ ಯಾರೂ ಸರಿಯಾಗಿ ಹಾಸಿಲ್ಲ.

ಬೆಳಗಿನ ಆರು ಗಂಟೆಗೆ ಯಾರಿಗೆ ಗೊತ್ತಾಗುತ್ತದೆ

ಇತ್ತೀಚೆಗೆ ಅದೇ ಗೆಳೆಯನ ಜೊತೆ ಹನೂರು ಕಡೆಯ ಒಂದು ಹಾಲಿನ ಡೈರಿಯಲ್ಲಿ ಕೂತಿದ್ದೆ. ಬೆಳಗಿನ ಹಾಲು ಹಾಕುವ ಹೊತ್ತು. ಹೆಂಗಸರು, ಮಕ್ಕಳು ಕ್ಯಾನು ಹಿಡಿದು ಸಾಲಾಗಿ ಬರುತ್ತಿದ್ದರು. ಕಾರ್ಯದರ್ಶಿ ಹಾಲಿನ ಅಳತೆ ಬರೆಯುತ್ತಾ ತಲೆ ಎತ್ತದೆ, "ಆ ಮೇಲುಗ್ರಾಮದ ಅಜ್ಜಿ ಬರಲಿಲ್ಲವಲ್ಲ, ಏನಾಯ್ತು ನೋಡ್ರೋ" ಅಂದರು. ಒಂದು ಹುಡುಗಿ, ಅಜ್ಜಿಗೆ ಜ್ವರ ಅಂದಳು. ಅಷ್ಟೇ. ಆದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರ ಮನೆಯ ಹಾಲು ಬರಲಿಲ್ಲ ಅನ್ನುವುದು ಆರು ಗಂಟೆಗೇ ಈ ಮನುಷ್ಯನಿಗೆ ಗೊತ್ತಾಗುತ್ತದೆ. ಗಾರ್ಡಿಗಿಂತ ಮೊದಲು, ಸಂಸ್ಥೆಗಿಂತ ಮೊದಲು.

ಹಾಲು ಮುಗಿದ ಮೇಲೆ ಗೆಳೆಯ ಅವರ ಹತ್ತಿರ ವಿಷಯ ತೆಗೆದ. ಹಸು ಹೋದ ಸುದ್ದಿ ಬಂದರೆ ನೀವು ಒಂದು ಫೋನ್ ಮಾಡುತ್ತೀರಾ, ವಾಚರ್‌ಗೊಂದು, ನಮಗೊಂದು? ಮಹಜರು ಆಗುವವರೆಗೆ ಒಂದಿಷ್ಟು ಕೈಗಡ ದುಡ್ಡು ಡೈರಿಯಿಂದಲೇ ಕೊಟ್ಟು, ಸರ್ಕಾರದ ಪರಿಹಾರ ಬಂದಾಗ ಮುರಿದುಕೊಳ್ಳಬಹುದಾ? ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಫೋನ್ ಮಾಡುವುದಕ್ಕೆ ಅಡ್ಡಿ ಇಲ್ಲ ಅಂದರು. ದುಡ್ಡಿನ ವಿಷಯ ಆಡಳಿತ ಮಂಡಳಿ ಸಭೆಗೆ ತರಬೇಕು, ಆ ದುಡ್ಡು ಮುಳುಗಿದರೆ ಯಾರು ಜವಾಬ್ದಾರಿ ಅಂತ ಕೇಳುತ್ತಾರೆ ಅಂದರು. ಆಮೇಲೆ ಅವರೇ ಕೇಳಿದರು: "ದೊಡ್ಡಿಯೋರು ಡೈರಿಗೆ ಹಾಲು ಹಾಕಲ್ಲ. ಅವರ ದನ ಹೋದ್ರೆ ನಮಗೆ ಗೊತ್ತಾಗಲ್ಲ. ಅವರದ್ದು ಹೆಂಗೆ ಮಾಡ್ತೀರಿ?"

ಅದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಗೊಬ್ಬರ ತುಂಬೋಕೆ ಬರುವ ಲಾರಿಯವರು ದೊಡ್ಡಿಯವರ ಜೊತೆ ಮಾತಾಡುತ್ತಾರೆ, ಅವರನ್ನು ಹಿಡಿಯಬಹುದು ಅಂತ ಗೆಳೆಯ ಹೇಳಿದ. ಕಾರ್ಯದರ್ಶಿ ಒಬ್ಬ ಲಾರಿ ಡ್ರೈವರ್ ನಂಬರು ಹುಡುಕಿ ಕೊಟ್ಟರು. ಆಡಳಿತ ಮಂಡಳಿ ಸಭೆ ಮುಂದಿನ ತಿಂಗಳು ಇದೆ. ಅಷ್ಟರೊಳಗೆ ಕೈಗಡದ ದುಡ್ಡಿಗೆ ಜಾಮೀನು ನಿಲ್ಲುವ ಒಂದು ಸಂಸ್ಥೆಯನ್ನು ಹುಡುಕಬೇಕು. ಗೆಳೆಯ ಅದರ ಕೆಲಸದಲ್ಲಿದ್ದಾನೆ.